ಬದಲಿಗೆ ಬಂದವರು

ಬದಲಿಗೆ ಬಂದವನ ಬಾಳು ಲೋಕದಲ್ಲಿ ಒಂದು ವಿಚಿತ್ರವಾದ ಬಾಳು. ಅವನು ಕುಳಿತುಕೊಳ್ಳುವ ಕುರ್ಚಿಯಲ್ಲಿ ಅವನಿಗಿಂತ ಮೊದಲೇ ಇನ್ನೊಬ್ಬರ ಹೆಸರು ಕುಳಿತಿರುತ್ತದೆ. ಕೆಲಸ ಕೆಟ್ಟರೆ ‘ಬದಲಿಯವನಲ್ಲವೆ!’ ಎನ್ನುವರು, ಚೆನ್ನಾಗಿ ನಡೆದರೆ ‘ಬದಲಿಯವನಾದರೂ ಅಡ್ಡಿಯಿಲ್ಲ’ ಎನ್ನುವರು. ಎರಡು ಮಾತಿನಲ್ಲಿಯೂ ಆ ಒಂದು ಶಬ್ದವು ತಪ್ಪುವುದಿಲ್ಲ. ಮದುವೆಯ ಮನೆಯಲ್ಲಿ ಅಡಿಗೆಯವನಿಗೆ ಜ್ವರ ಬಂದು ಬೇರೊಬ್ಬನು ಸೌಟು ಹಿಡಿದರೆ, ಉಣ್ಣುವವರು ಸಾರಿನ ರುಚಿಯನ್ನು ನೋಡುವುದಕ್ಕೆ ಮೊದಲೇ ಹಳೆಯವನನ್ನು ನೆನೆಯುತ್ತಾರೆ. ಹಸಿವು ಅಡಗಿದುದು ಯಾರ ಕೈಯ ಅನ್ನದಿಂದ ಎಂಬುದನ್ನು ಎಲೆ ಎತ್ತುವಾಗ ಯಾರೂ ವಿಚಾರಿಸುವುದಿಲ್ಲ.

ಬೀದರಿನ ಚೌಬಾರದ ಬಳಿಯ ಓಣಿಯೊಂದರಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆಯುತ್ತಿರುವ ಒಬ್ಬ ಮಾಸ್ತರರಿಗೆ ಈ ವಿಷಯವು ನಾಲ್ಕು ದಶಕಗಳಿಗೂ ಮಿಕ್ಕಿ ಮನಸ್ಸಿನಲ್ಲಿ ಉಳಿದುಕೊಂಡು ಬಂದಿದೆ. ಅವರ ಹುಟ್ಟೂರು ಭಾಲ್ಕಿ. ಬಿ. ಎ. ಮತ್ತು ಬಿ. ಎಡ್. ಪರೀಕ್ಷೆಗಳನ್ನು ಮುಗಿಸಿ, ಕೆಲಸವಿಲ್ಲದೆ ಎರಡು ವರ್ಷ ಅಲೆದ ತರುವಾಯ, 1977ನೆಯ ಇಸವಿಯ ನವೆಂಬರಿನಲ್ಲಿ ಅವರಿಗೆ ಔರಾದದ ಒಂದು ಪ್ರೌಢಶಾಲೆಯಿಂದ ಕರೆ ಬಂದಿತು. ಅಲ್ಲಿಯ ಶಿಕ್ಷಕರೊಬ್ಬರು ಕಾಯಿಲೆಯಿಂದ ದೀರ್ಘ ರಜೆಯ ಮೇಲೆ ಹೋಗಿದ್ದರು. ಅವರು ಮರಳುವವರೆಗೆ, ರಜೆಯ ತೆರವಿನಲ್ಲಿ, ಪಾಠ ಹೇಳತಕ್ಕುದು, ಇಷ್ಟೇ ಆಜ್ಞೆ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಸೋದರಮಾವನು ಕೊಟ್ಟ ಒಂದು ಟ್ರಾನ್ಸಿಸ್ಟರು—ಇವಿಷ್ಟನ್ನು ತೆಗೆದುಕೊಂಡು ಇಪ್ಪತ್ತನಾಲ್ಕರ ಆ ತರುಣನು ಬಸ್ಸಿನಲ್ಲಿ ಔರಾದಕ್ಕೆ ಬಂದಿಳಿದನು.

ಹಾಜರಿಯ ಪುಸ್ತಕದಲ್ಲಿ ಶಿಕ್ಷಕರ ಹೆಸರುಗಳೆಲ್ಲ ಮಸಿಯಲ್ಲಿದ್ದುವು. ಇವರ ಹೆಸರನ್ನು ಕಟ್ಟಕಡೆಯ ಸಾಲಿನಲ್ಲಿ ಸೀಸದ ಕಡ್ಡಿಯಿಂದ ಬರೆದರು. ಅಳಿಸಲಿಕ್ಕೆ ಸುಲಭವಾಗಲೆಂದೇ ಹಾಗೆ ಬರೆದಿದ್ದರು. ಅದರಲ್ಲಿ ಅವಮಾನಿಸುವ ಉದ್ದೇಶವೇನೂ ಇರಲಿಲ್ಲ. ಹುಡುಗರು ಮಾತ್ರ ಮೊದಲನೆಯ ದಿನವೇ ಅವರಿಗೆ ‘ಬದಲಿ ಮಾಸ್ತರ’ ಎಂದು ಹೆಸರಿಟ್ಟುಬಿಟ್ಟರು. ಔರಾದವು ಮೂರು ಭಾಷೆಗಳ ಊರು. ಮನೆಯಲ್ಲಿ ಕನ್ನಡವಾಡುವವರಿಗೂ, ಮರಾಠಿಯವರಿಗೂ, ಉರ್ದುವಿನವರಿಗೂ ಬೇರೆ ಎಷ್ಟೋ ಮಾತುಗಳಲ್ಲಿ ತೊಡಕು ಬರುತ್ತಿದ್ದಿತು. ಈ ‘ಬದಲಿ’ ಎಂಬ ಶಬ್ದದಲ್ಲಿ ಮಾತ್ರ ಭಾಷಾಭೇದವೇ ಇರಲಿಲ್ಲ. ಎಲ್ಲರೂ ಒಂದೇ ಕಂಠದಿಂದ ಕೂಗಬಹುದಾಗಿದ್ದಿತು.

ಅದೇ ವೇಳೆಗೆ, ಸಾವಿರಾರು ಮೈಲಿಗಳ ಆಚೆಯಲ್ಲಿ, ಇಡಿಯ ಒಂದು ದೇಶದ ಕ್ರಿಕೆಟ್ ತಂಡವೇ ಬದಲಿಯವರಿಂದ ಕೂಡಿ ಆಡತೊಡಗಿದ್ದಿತು. ಆ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಆಸ್ಟ್ರೇಲಿಯದ ಆಟಗಾರರಿಗೆ ಅವರ ಕ್ರಿಕೆಟ್ ಮಂಡಳಿಯ ಮೇಲೆ ಬಹುಕಾಲದಿಂದ ಅಸಮಾಧಾನವಿದ್ದಿತು. ಮೈದಾನಗಳು ತುಂಬಿ, ಟಿಕೀಟಿನ ಹಣ ಹರಿದುಬರುತ್ತಿದ್ದರೂ ಆಡುವವರ ಕೈಗೆ ಸೇರುತ್ತಿದ್ದುದು ಅಲ್ಪ. ಅಲ್ಲಿಯ ದೂರದರ್ಶನ ವಾಹಿನಿಯೊಂದರ ಒಡೆಯನಾದ ಕೆರಿ ಪ್ಯಾಕರನಿಗೂ ಮಂಡಳಿಯ ಮೇಲೆ ಮುನಿಸು. ಪಂದ್ಯಗಳನ್ನು ತೋರಿಸುವ ಹಕ್ಕನ್ನು ಅವರು ಅವನಿಗೆ ಕೊಟ್ಟಿರಲಿಲ್ಲ. ಅವನು ಗುಟ್ಟಾಗಿ ಆಟಗಾರರಿಗೆ ದೊಡ್ಡ ಸಂಬಳದ ಕರಾರು ಮಾಡಿಸಿದನು. 1977ರ ಮೇ ತಿಂಗಳಿನಲ್ಲಿ ಈ ಗುಟ್ಟು ಬಯಲಾಯಿತು. ಗ್ರೆಗ್ ಚಾಪೆಲ್, ಲಿಲಿ, ಮಾರ್ಷ್ ಮೊದಲಾದ ಘಟಾನುಘಟಿಗಳು ದೇಶದ ತಂಡವನ್ನು ತೊರೆದು ಅವನ ಕಡೆಗೆ ನಡೆದರು. ಗಿರಣಿಯ ಕೂಲಿಕಾರರ ಮುಷ್ಕರದಂತೆ ಬಾವುಟ ಹಿಡಿದು ಬಾಗಿಲಲ್ಲಿ ನಿಲ್ಲಲಿಲ್ಲವೆಂಬುದನ್ನು ಬಿಟ್ಟರೆ, ಕೂಲಿ ಸಾಲದೆಂದು ಕೆಲಸ ಬಿಟ್ಟು ಹೊರಟುದರಲ್ಲಿ ಭೇದವೇನೂ ಇಲ್ಲ.

ಆದರೆ ಭಾರತದ ತಂಡವು ಆ ಚಳಿಗಾಲಕ್ಕೆ ಆಸ್ಟ್ರೇಲಿಯಕ್ಕೆ ಹೋಗುವುದೆಂದು ಮೊದಲೇ ನಿಶ್ಚಯವಾಗಿದ್ದಿತು. ಖಾಲಿಯಾದ ಸ್ಥಾನಗಳನ್ನು ತುಂಬಲೇ ಬೇಕು. ಮಂಡಳಿಯವರು ಹತ್ತು ವರ್ಷಗಳ ಹಿಂದೆ ಟೆಸ್ಟ್ ಪಂದ್ಯಗಳಿಂದ ನಿವೃತ್ತನಾಗಿದ್ದ ಬಾಬ್ ಸಿಂಪ್ಸನ್ನನನ್ನು, ನಲವತ್ತೊಂದರ ವಯಸ್ಸಿನಲ್ಲಿ, ಮತ್ತೆ ಕರೆದು ನಾಯಕನನ್ನಾಗಿ ಮಾಡಿದರು. ಹೆಸರಾಂತವರಲ್ಲಿ ಉಳಿದವನು ವೇಗದ ಬೋಲರ ಜೆಫ್ ಥಾಮ್ಸನ್ ಒಬ್ಬನೇ. 1977ರ ಡಿಸೆಂಬರ್ 2ರಂದು ಬ್ರಿಸ್ಬೇನಿನಲ್ಲಿ ಮೊದಲನೆಯ ಟೆಸ್ಟ್ ಪ್ರಾರಂಭವಾದಾಗ ಆರು ಮಂದಿ ಆಸ್ಟ್ರೇಲಿಯನ್ನರಿಗೆ ಅದೇ ಮೊದಲನೆಯ ಟೆಸ್ಟ್. ಅದೇ ದಿನ ಮೆಲ್ಬರ್ನಿನ ಬೇರೊಂದು ಮೈದಾನದಲ್ಲಿ ಪ್ಯಾಕರನ ಪಂದ್ಯವೂ ಪ್ರಾರಂಭವಾಯಿತು. ಅಸಲಿನವರು ಒಂದು ಕಡೆ, ಬದಲಿಯವರು ಒಂದು ಕಡೆ. ನೋಡುವವರು ಯಾವ ಕಡೆಗೆ ಹೋಗಬೇಕೆಂಬುದೇ ಪ್ರಶ್ನೆ.

ಔರಾದದಲ್ಲಿ ಈ ಪ್ರಶ್ನೆಯು ಹುಟ್ಟಲಿಲ್ಲ. ಏಕೆಂದರೆ ಟ್ರಾನ್ಸಿಸ್ಟರಿನಲ್ಲಿ ಸಿಕ್ಕುತ್ತಿದ್ದುದು ಭಾರತದ ಪಂದ್ಯವೊಂದೇ. ತಂಡದಲ್ಲಿ ಕನ್ನಡನಾಡಿನ ಐವರಿದ್ದರು: ಪ್ರಸನ್ನ, ಚಂದ್ರಶೇಖರ, ವಿಶ್ವನಾಥ, ಕಿರ್ಮಾನಿ, ಬ್ರಿಜೇಶ ಪಟೇಲ. ಡಿಸೆಂಬರಿನ ಬೆಳಗಿನಲ್ಲಿ ತೊಗರಿಯ ಹೊಲಗಳ ಮೇಲೆ ಮಂಜು ಇನ್ನೂ ಹರಿಯದಿರುವಾಗ, ಮಾಸ್ತರರು ಕಂಬಳಿ ಹೊದ್ದು ಬಾಡಿಗೆಯ ಕೋಣೆಯ ಕಟ್ಟೆಯ ಮೇಲೆ ಕುಳಿತು ಕಿರುತರಂಗದ ಮುಳ್ಳನ್ನು ತಿರುವುತ್ತಿದ್ದರು. ಕಡಲಿನ ಮೊರೆತದಂತಹ ಶಬ್ದದ ನಡುವೆ ಆಸ್ಟ್ರೇಲಿಯದ ಇಂಗ್ಲಿಷು ಒಮ್ಮೆ ಏಳುವುದು, ಒಮ್ಮೆ ಮುಳುಗುವುದು. ಸುತ್ತಲೂ ನಾಲ್ಕೈದು ಹುಡುಗರು. ಮಾಸ್ತರರು ಕೇಳಿದುದನ್ನು ಕನ್ನಡದಲ್ಲಿ ಹೇಳುವರು. ಅದನ್ನು ಒಬ್ಬನು ಮರಾಠಿಗೆ ತಿರುಗಿಸುವನು. ಶಾಲೆಯ ಗಂಟೆಯಾದೊಡನೆ ರೇಡಿಯೋ ಟ್ರಂಕಿನೊಳಕ್ಕೆ. ಉಳಿದ ಕಥೆಯು ಸಂಜೆಯ ವಾರ್ತೆಗೆ.

ಬದಲಿಯವರೆಂದು ಹಗುರಾಗಿ ಎಣಿಸಿದ್ದ ತಂಡವು ಬ್ರಿಸ್ಬೇನಿನಲ್ಲಿ ಭಾರತವನ್ನು 16 ರನ್ನುಗಳಿಂದ ಸೋಲಿಸಿತು. ಪರ್ತಿನಲ್ಲಿ ಸಿಂಪ್ಸನ್ 176 ರನ್ನು ಹೊಡೆದನು. ಗೆಲ್ಲಲು 339 ಬೇಕಾಗಿದ್ದಾಗ, ಟೋನಿ ಮ್ಯಾನ್ ಎಂಬ ಲೆಗ್‌ಸ್ಪಿನ್ ಬೋಲರನನ್ನು ದಿನದ ಕೊನೆಯಲ್ಲಿ ವಿಕೆಟ್ಟು ಕಾಯುವುದಕ್ಕೆಂದು ಮುಂದಾಗಿ ಕಳುಹಿಸಿದರು. ಬದಲಿಯವರ ತಂಡದಲ್ಲಿ ಅವನು ಮತ್ತೊಬ್ಬನ ಬದಲಿಗೆ ಹೋದವನು, ಬದಲಿಗೆ ಬದಲಿ! ಅವನು ಮರುದಿನ 105 ರನ್ನು ಮಾಡಿ ಹಿಂದಿರುಗಿದನು. ಆಸ್ಟ್ರೇಲಿಯವು ಎರಡು ವಿಕೆಟ್ಟುಗಳಿಂದ ಗೆದ್ದಿತು. ಭಾರತವು ಸೋತುದಕ್ಕೆ ಹುಡುಗರು ಸಪ್ಪೆಯಾದರೆ, ಮಾಸ್ತರರಿಗೆ ಮಾತ್ರ ಒಳಗೊಳಗೆ ಒಂದು ಬಗೆಯ ಸಂತೋಷವಾಯಿತು. ಅದನ್ನು ಅವರು ಆಗ ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ದೇಶದ್ರೋಹವೆನಿಸುತ್ತಿದ್ದಿತು.

ಹೊಸ ವರ್ಷದಲ್ಲಿ ಗಾಳಿ ತಿರುಗಿತು. ಮೆಲ್ಬರ್ನಿನಲ್ಲಿ ಚಂದ್ರಶೇಖರರು ಒಂದು ಸರದಿಯಲ್ಲಿ 52 ರನ್ನು ಕೊಟ್ಟು 6 ವಿಕೆಟ್ಟು, ಇನ್ನೊಂದರಲ್ಲಿಯೂ ಸರಿಯಾಗಿ 52 ಕೊಟ್ಟು 6 ವಿಕೆಟ್ಟು ಕಿತ್ತರು. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ ತೋಳಿನ ಕೆಲಸವದು. ಭಾರತವು 222 ರನ್ನುಗಳಿಂದ ಗೆದ್ದಿತು. ಆಸ್ಟ್ರೇಲಿಯದ ನೆಲದ ಮೇಲೆ ಅದೇ ಮೊದಲನೆಯ ಟೆಸ್ಟ್ ವಿಜಯ. ಆ ಸಂಜೆ ಔರಾದದ ಬಜಾರಿನ ಒಬ್ಬ ದರ್ಜಿಯ ಅಂಗಡಿಯ ಮುಂದೆ ಪೇಢೆ ಹಂಚಲಾಯಿತು. ಅಲ್ಲಿಗೆ ನಿತ್ಯವೂ ಬಂದು ಕೂಡುತ್ತಿದ್ದ ಒಬ್ಬ ವೃದ್ಧರಿದ್ದರು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ನೌಕರಿ ಮಾಡಿ, ಗುಲಾಮ್ ಅಹಮದರ ಬೋಲಿಂಗನ್ನು ಕಣ್ಣಾರೆ ಕಂಡವರು. ಅವರು ಪೇಢೆಯನ್ನು ಮುಟ್ಟಲಿಲ್ಲ. “ಮನೆಯ ಯಜಮಾನ ಊರಿಗೆ ಹೋದಾಗ ಒಳಗೆ ನುಗ್ಗಿ ಬಂದುದನ್ನು ಗೆಲುವು ಎನ್ನುತ್ತಾರೆಯೆ? ಅಸಲಿನವರನ್ನು ಗೆದ್ದ ದಿನ ಬಂದು ಹೇಳಿ. ಬದಲಿಯವರು ಇದ್ದರೆಷ್ಟು, ಹೋದರೆಷ್ಟು!” ಎಂದರು.

ನಕ್ಕವರೆಲ್ಲ ನಕ್ಕರು. ಮಾಸ್ತರರೂ ನಗಲು ಪ್ರಯತ್ನಿಸಿದರು. ಮಾರನೆಯ ದಿನ ತರಗತಿಯಲ್ಲಿ ಒಬ್ಬ ಹುಡುಗನು ಎದ್ದು ನಿಂತು, “ಸರ್, ಬದಲಿಯವರ್ನ ಔಟ್ ಮಾಡಿದ್ರ ಅದು ವಿಕೆಟ್ ಅಲ್ಲೇನ್ರಿ?” ಎಂದು ಕೇಳಿದನು. ಅವನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವನು ಚಂದ್ರಶೇಖರರ ಹನ್ನೆರಡು ವಿಕೆಟ್ಟುಗಳ ಗತಿಯೇನೆಂದು ನಿಜವಾಗಿ ಚಿಂತಿಸುತ್ತಿದ್ದನು. ಆದರೆ ಮಾಸ್ತರರ ಕಿವಿಗೆ ಪ್ರಶ್ನೆಯು ಬೇರೊಂದು ರೂಪದಲ್ಲಿ ಕೇಳಿಸಿತು: ಬದಲಿಯವನು ಹೇಳಿಕೊಟ್ಟ ಪಾಠವು ಪಾಠವಲ್ಲವೆ? ಅವರು ಉತ್ತರ ಹೇಳದೆ, ಕಪ್ಪುಹಲಗೆಯ ಕಡೆಗೆ ತಿರುಗಿ ಹಿಂದಿನ ದಿನದ ಲೆಕ್ಕವನ್ನು ಮುಂದುವರಿಸಿದರು.

ಸಿಡ್ನಿಯಲ್ಲಿ ಭಾರತವು ಒಂದು ಸರದಿ ಮತ್ತು 2 ರನ್ನುಗಳಿಂದ ಗೆದ್ದಿತು. ಈಗ ಎರಡೆರಡು ಸಮ. ಕಡೆಯ ಪಂದ್ಯವು ಆಡಿಲೇಡಿನಲ್ಲಿ, ಜನವರಿ 28ರಿಂದ. ಆಸ್ಟ್ರೇಲಿಯದವರು ಬದಲಿಯವರಲ್ಲಿಯೂ ಕೆಲವರನ್ನು ಬದಲಾಯಿಸಿ ಮತ್ತಷ್ಟು ಹೊಸಬರನ್ನು ತಂದರು. ಥಾಮ್ಸನ್ ಕೆಲವೇ ಓವರುಗಳನ್ನು ಎಸೆದು ಗಾಯಗೊಂಡು ಕೂತನು. ಸಿಂಪ್ಸನ್ ಮತ್ತೊಂದು ಶತಕವನ್ನು ಹೊಡೆದನು. ಕೊನೆಯ ಸರದಿಯಲ್ಲಿ ಭಾರತಕ್ಕೆ ಬೇಕಾದುದು 493 ರನ್ನುಗಳು. ಯಾರೂ ಮುಟ್ಟದ ಗುರಿ. ಆದರೂ ಅಮರನಾಥ, ವಿಶ್ವನಾಥ, ವೆಂಗಸರ್ಕಾರ್, ಕಿರ್ಮಾನಿ ಒಬ್ಬರ ಹಿಂದೊಬ್ಬರು ನಿಂತು ಆಡಿ, ಲೆಕ್ಕವು 445ರವರೆಗೂ ಏರಿತು. ಅಲ್ಲಿಗೆ ಕಡೆಯ ವಿಕೆಟ್ಟು ಬಿದ್ದಿತು. 47 ರನ್ನುಗಳ ಸೋಲು. ಸರಣಿಯು ಮೂರಕ್ಕೆ ಎರಡರಂತೆ ಆಸ್ಟ್ರೇಲಿಯಕ್ಕೆ. ಅಂದು 1978ರ ಫೆಬ್ರವರಿ 3, ಶುಕ್ರವಾರ. ಸಿಂಪ್ಸನ್ನನಿಗೆ ಅಂದೇ ನಲವತ್ತೆರಡು ತುಂಬಿದ ದಿನ.

ಆ ಸಂಜೆ ದರ್ಜಿಯ ಅಂಗಡಿಯಲ್ಲಿ ಎಲ್ಲರೂ ಮೌನವಾಗಿದ್ದರು. ವೃದ್ಧರು ಬಹಳ ಹೊತ್ತಿನ ಮೇಲೆ, “ಹದಿನೈದು ವರ್ಷದ ಹುಡುಗರ ಹಾಗೆ ಕಾದಿದರಪ್ಪ, ಎರಡು ಕಡೆಯವರೂ,” ಎಂದರು. ಮತ್ತೆ ಸ್ವಲ್ಪ ತಡೆದು, ಮಾಸ್ತರರ ಕಡೆಗೆ ನೋಡದೆ, “ನನ್ನ ಆ ಮಾತು ತಪ್ಪು,” ಎಂದರು. ಯಾವ ಮಾತೆಂದು ಯಾರೂ ಕೇಳಲಿಲ್ಲ. ಮಾಸ್ತರರಿಗೆ ಗೊತ್ತಾಗಿದ್ದಿತು. ಆ ಮಧ್ಯಾಹ್ನವೇ ಅವರಿಗೆ ಆಜ್ಞೆಯೂ ಬಂದಿದ್ದಿತು: ರಜೆಯ ಮೇಲಿದ್ದವರು ಸೋಮವಾರ ಮರಳುವರು. ಶನಿವಾರದ ದಿನ ಅವರು ಮಕ್ಕಳಿಗೆ ಕಡೆಯ ಪಾಠ ಹೇಳಿ, ಅಮರೇಶ್ವರನ ಗುಡಿಗೆ ಹೋಗಿ ಕೈಮುಗಿದು, ಭಾಲ್ಕಿಯ ಹಾದಿ ಹಿಡಿದರು. ಸೀಸದ ಕಡ್ಡಿಯ ಅಕ್ಷರಗಳನ್ನು ಯಾರು, ಯಾವಾಗ ಅಳಿಸಿದರೋ ಅವರಿಗೆ ತಿಳಿಯದು. ಬಸ್ಸಿನ ಬಳಿಗೆ ಬಂದಿದ್ದ ಆ ಹುಡುಗನಿಗೆ ಮಾತ್ರ, ಬಾಕಿಯುಳಿದಿದ್ದ ಉತ್ತರವನ್ನು ಕೊಟ್ಟುಬಿಟ್ಟರು: “ಅದು ವಿಕೆಟ್ಟೇ. ಬರೆದಿಟ್ಟುಕೋ.”

ಆ ಬದಲಿಯವರ ಮುಂದಿನ ಗತಿಯನ್ನು ಮಾಸ್ತರರು ಪತ್ರಿಕೆಗಳಲ್ಲಿ ಹುಡುಕಿ ಹುಡುಕಿ ಓದುತ್ತಿದ್ದರು. 1979ರ ಮೇ ತಿಂಗಳಿನಲ್ಲಿ ಮಂಡಳಿಗೂ ಪ್ಯಾಕರನಿಗೂ ರಾಜಿಯಾಯಿತು, ಹೋದವರು ಹಿಂದಿರುಗಿದರು. ಅವರು ಹೋಗಿ ಬಂದುದರಿಂದ ಆಟಗಾರರ ಸಂಭಾವನೆಯು ಹೆಚ್ಚಿತೆಂಬುದೂ ನಿಜ; ಆ ನ್ಯಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಷ್ಟರೊಳಗೆ ಬದಲಿಯವರಲ್ಲಿ ಬಹುಮಂದಿಯ ಹೆಸರುಗಳು ಅಳಿಸಿಹೋಗಿದ್ದುವು. ಶತಕ ಹೊಡೆದ ಟೋನಿ ಮ್ಯಾನನಿಗೆ ಒಟ್ಟು ದೊರೆತುವು ನಾಲ್ಕೇ ಟೆಸ್ಟುಗಳು. ಬ್ರಿಸ್ಬೇನಿನಲ್ಲಿ ಆಟವನ್ನು ಪ್ರಾರಂಭಿಸಿದ ಪಾಲ್ ಹಿಬರ್ಟನಿಗೆ ಒಂದೇ. ಆಡಿಲೇಡಿನಲ್ಲಿ ಆರು ವಿಕೆಟ್ಟು ಪಡೆದ ಇಯಾನ್ ಕಾಲನನಿಗೂ ಒಂದೇ.

ಎಲ್ಲರ ಕಥೆಯೂ ಹಾಗೆಯೇ ಮುಗಿಯಲಿಲ್ಲ. ವೆಸ್ಟ್ ಇಂಡೀಸಿನವರಲ್ಲಿಯೂ ಪ್ಯಾಕರನ ಕಡೆಗೆ ಹೋದವರನ್ನು ಬಿಟ್ಟು, ಕಾಳಿಚರಣನ ನಾಯಕತ್ವದಲ್ಲಿ ಒಂದು ತಂಡವು 1978ರ ಕೊನೆಗೆ ಭಾರತಕ್ಕೆ ಬಂದಿತು. ಡಿಸೆಂಬರಿನಲ್ಲಿ ಬೆಂಗಳೂರಿನ ಟೆಸ್ಟ್. ಅದರ ಕಡೆಯ ದಿನವು, ಇಂದಿರಾ ಗಾಂಧಿಯವರ ಬಂಧನದಿಂದೆದ್ದ ಗಲಭೆಯಲ್ಲಿ, ಆಟವಿಲ್ಲದೆ ಕಳೆಯಿತು. ಆ ಪಂದ್ಯದಲ್ಲಿ ಇಪ್ಪತ್ತರ ಹರೆಯದ ಒಬ್ಬ ಹೊಸಬನು ಮೊದಲ ಸಲ ಟೆಸ್ಟಿಗೆ ಇಳಿದನು. ಅವನೇ ಮಾಲ್ಕಮ್ ಮಾರ್ಷಲ್. ಮುಂದೆ 81 ಟೆಸ್ಟುಗಳಲ್ಲಿ 376 ವಿಕೆಟ್ಟು ಪಡೆದವನು. ಅದೇ ತಿಂಗಳು ಆಸ್ಟ್ರೇಲಿಯಕ್ಕೆ, ತೆರವಾದ ಸ್ಥಾನದಲ್ಲಿ, ಆಲನ್ ಬಾರ್ಡರ್ ದೊರೆತನು. 1987ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ವಿಶ್ವಕಪ್ಪನ್ನು ಎತ್ತಿ ಹಿಡಿದ ನಾಯಕನು ಅವನೇ. ಆ ತಂಡದ ತರಬೇತುದಾರನು ಅದೇ ಸಿಂಪ್ಸನ್. ಬಾಗಿಲು ಯಾವ ಕಾರಣದಿಂದ ತೆರೆಯಿತೆಂಬುದಕ್ಕೂ, ಒಳಗೆ ಬಂದವನು ಎಂತಹವನೆಂಬುದಕ್ಕೂ ಸಂಬಂಧವಿಲ್ಲವೆಂದು ಮಾಸ್ತರರು ಆಗ ತಿಳಿದುಕೊಂಡರು.

ತಿಳಿದುಕೊಂಡುದು ಬೇರೆ, ನೆನಪಿನಲ್ಲಿಟ್ಟುಕೊಳ್ಳುವುದು ಬೇರೆ. ಕೆಲವು ವರ್ಷಗಳಲ್ಲಿ ಮಾಸ್ತರರಿಗೆ ಕಾಯಂ ಕೆಲಸವಾಯಿತು. ಅವರ ಹೆಸರೂ ಮಸಿಯ ಸಾಲಿಗೆ ಸೇರಿತು. ಕಡೆಗೆ ಭಾಲ್ಕಿ ತಾಲೂಕಿನ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ 2013ರಲ್ಲಿ ನಿವೃತ್ತರಾದರು. ಅವರ ಕೈಕೆಳಗೆ ಒಬ್ಬ ತರುಣಿ ಅತಿಥಿ ಶಿಕ್ಷಕಿಯಾಗಿದ್ದಳು. ಹುದ್ದೆಯು ತೆರವಾಗಿದ್ದ ಮೂರು ವರ್ಷಗಳ ಕಾಲ ಹತ್ತನೆಯ ತರಗತಿಯ ಗಣಿತವನ್ನೆಲ್ಲ ಅವಳೇ ನಡೆಸಿದ್ದಳು. ಬೀಳ್ಕೊಡುಗೆಯ ದಿನ ಛಾಯಾಚಿತ್ರ ತೆಗೆಯುವವನು ಬಂದನು. ಕುರ್ಚಿಗಳನ್ನು ಸಾಲಾಗಿ ಇಡಿಸಿದವಳು ಅವಳು. ಮಕ್ಕಳನ್ನು ನಿಲ್ಲಿಸಿದವಳೂ ಅವಳೇ. ‘ಸಿಬ್ಬಂದಿಯವರು ಬನ್ನಿ’ ಎಂದು ಯಾರೋ ಕೂಗಿದಾಗ ಅವಳು ಹಿಂದಕ್ಕೆ ಸರಿದು ಮರದ ನೆರಳಿನಲ್ಲಿ ನಿಂತಳು. ಮುಖ್ಯೋಪಾಧ್ಯಾಯರು ಅದನ್ನು ಕಂಡರು. ಕೊರಳಿನಲ್ಲಿ ಹಾರ, ಎದುರಿಗೆ ಕ್ಯಾಮರಾ. ಕರೆಯಬೇಕೆಂದು ಬಾಯಿಗೆ ಬರುವಷ್ಟರಲ್ಲಿ ಚಿತ್ರವು ಮುಗಿದುಹೋಯಿತು. ಕಟ್ಟು ಹಾಕಿಸಿದ ಆ ಚಿತ್ರವು ಬೀದರಿನ ಮನೆಯ ನಡುಕೋಣೆಯಲ್ಲಿ ತೂಗಿತು. ಕೆಳಗೆ ಎಲ್ಲರ ಹೆಸರುಗಳು, ಅವಳದೊಂದನ್ನು ಬಿಟ್ಟು.

2018ರಲ್ಲಿ ಅವರ ತಂಗಿಯ ಮಗನು ಅಮೆರಿಕದಿಂದ ರಜೆಗೆ ಬಂದನು. ಮಾತಿನ ನಡುವೆ ಅಲ್ಲಿಯ ಒಂದು ಸುದ್ದಿಯನ್ನು ಹೇಳಿದನು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. 1987ರಲ್ಲಿ ಅಲ್ಲಿಯ ವೃತ್ತಿಪರ ಆಟಗಾರರೆಲ್ಲ ಮುಷ್ಕರ ಹೂಡಿದರು. ಒಂದು ವಾರದ ಪಂದ್ಯಗಳು ನಿಂತವು. ಅನಂತರ ಮೂರು ವಾರ ತಂಡಗಳ ಒಡೆಯರು ಸಿಕ್ಕಿದವರನ್ನು ಕಲೆಹಾಕಿ ಆಡಿಸಿದರು. ವಾಷಿಂಗ್ಟನ್ನಿನ ಕಾಯಂ ಆಟಗಾರರಲ್ಲಿ ಒಬ್ಬನೂ ಮುಷ್ಕರವನ್ನು ಮುರಿಯಲಿಲ್ಲ; ಹಾಗಾಗಿ ಅಲ್ಲಿ ಆಡಿದವರೆಲ್ಲ ಬದಲಿಯವರೇ. ಅವರು ಮೂರು ಪಂದ್ಯಗಳನ್ನೂ ಗೆದ್ದರು. ಕಡೆಯದರಲ್ಲಿ, ಮುಷ್ಕರವನ್ನು ಬಿಟ್ಟು ಬಂದ ಕೆಲವು ಪ್ರಸಿದ್ಧರಿದ್ದ ಡಲ್ಲಾಸಿನ ತಂಡವನ್ನು ಅದರ ಊರಿನಲ್ಲಿಯೇ 13ಕ್ಕೆ 7ರಂತೆ ಸೋಲಿಸಿದರು. ಬಳಿಕ ಕಾಯಂನವರು ಮರಳಿದರು. ಆ ವರ್ಷದ ಮಹಾಪದವಿಯು ವಾಷಿಂಗ್ಟನ್ನಿಗೇ ದೊರೆಯಿತು. ಗೆದ್ದವರಿಗೆ ಉಂಗುರ ಕೊಡುವುದು ಅಲ್ಲಿಯ ವಾಡಿಕೆ. ಬದಲಿಯವರಿಗೆ ಯಾರೂ ಕೊಡಲಿಲ್ಲ. ಆದರೆ ಅಭಿಮಾನಿಗಳು ಅವರನ್ನು ಮರೆಯಲಿಲ್ಲ. ಆ ಮೂರು ಗೆಲುವುಗಳ ಮಾತು ಎದ್ದಾಗಲೆಲ್ಲ ಉಂಗುರದ ಮಾತೂ ಏಳುತ್ತಿದ್ದಿತು. ಕಡೆಗೆ ಮೂವತ್ತೊಂದು ವರ್ಷಗಳ ಮೇಲೆ, ಆ 2018ರಲ್ಲಿ, ಕೂದಲು ನರೆತ ಅವರ ಕೈಗೆ ಉಂಗುರಗಳು ಬಂದುವು.

“ಮುಷ್ಕರ ಮಾಡಿದವರ ಹೊಟ್ಟೆಯ ಮೇಲೆ ಹೊಡೆದವರಿಗೆ ಉಂಗುರವೆ?” ಎಂದು ಮನೆಯಲ್ಲಿ ಯಾರೋ ಕೇಳಿದರು. ಮಾತಿನಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಹೋದವನ ಕೂಗು ನ್ಯಾಯವಾಗಿರಬಹುದು. ಬಂದವನ ಬೆವರೂ ನಿಜವಾಗಿರಬಹುದು. ಒಡೆಯನು ಇಬ್ಬರನ್ನೂ ಎದುರುಬದುರು ನಿಲ್ಲಿಸಿದನೆಂದು, ನೋಡಿದವರು ಒಬ್ಬನನ್ನು ನೆನೆಯುವುದಕ್ಕಾಗಿ ಇನ್ನೊಬ್ಬನನ್ನು ಮರೆಯಬೇಕೆಂಬ ನಿಯಮವಿದೆಯೆ? ಮಾಸ್ತರರು ವಾದಿಸಲಿಲ್ಲ. ಅವರು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದರು.

ಮರುವಾರ ಅವರು ಭಾಲ್ಕಿಗೆ ಹೋದರು. ಆ ಶಿಕ್ಷಕಿಯ ಮನೆಯನ್ನು ಕೇಳಿ ಕಂಡುಹಿಡಿದರು. ಅವಳು ಈಗ ಬೇರೊಂದು ಶಾಲೆಯಲ್ಲಿ, ಇನ್ನೂ ಅತಿಥಿಯಾಗಿಯೇ ಇದ್ದಳು. ಚಹಾ ಕುಡಿದು, ಬಹಳ ಹೊತ್ತು ಅದೂ ಇದೂ ಮಾತನಾಡಿ, ಕಡೆಗೆ ಚಿತ್ರದ ವಿಷಯವನ್ನು ಎತ್ತಿ, “ಅಂದು ನಿನ್ನನ್ನು ಕರೆಯಬೇಕಾಗಿತ್ತು, ಕರೆಯಲಿಲ್ಲ,” ಎಂದರು. ಅವಳು ಮರೆತುಬಿಟ್ಟಿದ್ದೇನೆಂದು ಹೇಳಲಿಲ್ಲ. “ಆ ದಿನ ನಾನು ಹೊಸ ಸೀರೆ ಉಟ್ಟುಕೊಂಡು ಬಂದಿದ್ದೆ, ಸರ್,” ಎಂದಳು. ಅಷ್ಟೇ.

ಬೀದರಿಗೆ ಮರಳಿದ ಸಂಜೆ ಮಾಸ್ತರರು ಚಿತ್ರವನ್ನು ಗೋಡೆಯಿಂದ ಇಳಿಸಿ, ಕಟ್ಟನ್ನು ಬಿಚ್ಚಿ, ಕೆಳಗಿನ ಹೆಸರುಗಳ ಸಾಲಿನ ಕೊನೆಯಲ್ಲಿ ಅವಳ ಹೆಸರನ್ನು ಬರೆದರು. ಪಕ್ಕದಲ್ಲಿ ‘ಗಣಿತ, ಮೂರು ವರ್ಷ’ ಎಂದು ಸೇರಿಸಿದರು. ‘ಅತಿಥಿ’ ಎಂದಾಗಲಿ ‘ಬದಲಿ’ ಎಂದಾಗಲಿ ಬರೆಯಲಿಲ್ಲ. ಮೊಮ್ಮಗನು ಸೀಸದ ಕಡ್ಡಿಯನ್ನು ತಂದುಕೊಟ್ಟಿದ್ದನು. ಅದನ್ನು ಬದಿಗಿಟ್ಟು, ಅವರು ಮಸಿಯ ಲೇಖನಿಯನ್ನು ಹುಡುಕಿ ತರಿಸಿಕೊಂಡರು.